ಮಹಡಿಗೆ ಹೋದ ಊಟದ ಚೀಟಿಗಳು

೨೦೨೨ರಲ್ಲಿ ನಾನು ಡೊಂಬಿವಲಿ ಪೂರ್ವದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹಿರಿಯ ಪ್ರಸೂತಿ ತಜ್ಞೆಯಾಗಿದ್ದೆ. ಹದಿನಾಲ್ಕು ಹಾಸಿಗೆಗಳ ಸಣ್ಣ ಆಸ್ಪತ್ರೆ ಅದು. ಮದುವೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದು ಆಗ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಈಗ ಹೆರಿಗೆ ಮಾಡಿಸುವುದನ್ನು ಬಿಟ್ಟಿದ್ದೇನೆ; ವಾರಕ್ಕೆರಡು ದಿನ ಹೊರರೋಗಿಗಳನ್ನಷ್ಟೇ ನೋಡುತ್ತೇನೆ. ಆ ವರ್ಷದ ಸೆಪ್ಟೆಂಬರ್ ಇಪ್ಪತ್ತೆರಡರಿಂದ ಅಕ್ಟೋಬರ್ ಇಪ್ಪತ್ತರವರೆಗಿನ ನಾಲ್ಕು ವಾರ ನಾನು ಒಬ್ಬ ಗರ್ಭಿಣಿಯನ್ನು ತಪ್ಪಾಗಿ ತಿಳಿದುಕೊಂಡಿದ್ದೆ. ಅದರ ವಿವರವನ್ನು ನನ್ನ ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಮಾತುಗಳು ನನಗೆ ನೆನಪಿರುವಂತೆ ಇವೆ.

ಅವಳನ್ನು ಮಾಲಿನಿ ಎಂದು ಕರೆಯುತ್ತೇನೆ. ಉಡುಪಿಯ ಕಡೆಯ ಹುಡುಗಿ, ವಯಸ್ಸು ಮೂವತ್ತೊಂದು. ಗಂಡ ಪ್ರಸಾದ ಇಲ್ಲಿಯೇ ಹುಟ್ಟಿ ಬೆಳೆದವನು. ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ತಂದೆ ಆರಂಭಿಸಿದ್ದ ಸಸ್ಯಾಹಾರಿ ಹೋಟೆಲನ್ನು ನೋಡಿಕೊಳ್ಳುತ್ತಿದ್ದ. ಹೋಟೆಲು ಕೆಳಗೆ, ಮನೆ ಅದೇ ಕಟ್ಟಡದ ಎರಡನೆಯ ಮಹಡಿಯಲ್ಲಿ. ಮನೆಯ ಒಲೆಯಲ್ಲಿ ಕಾಫಿ, ಹಾಲು ಬಿಟ್ಟರೆ ಹೆಚ್ಚೇನೂ ಆಗುತ್ತಿರಲಿಲ್ಲ. ಊಟ, ತಿಂಡಿ ಎಲ್ಲವೂ ಕೆಳಗಿನ ಅಡುಗೆಮನೆಯಿಂದ ಡಬ್ಬಿಯಲ್ಲಿ ಮೇಲೆ ಬರುತ್ತಿತ್ತು. ಹೋಟೆಲಿನವರ ಮನೆಗಳಲ್ಲಿ ಇದು ಸಾಮಾನ್ಯ.

ಮಾಲಿನಿಯ ಮೊದಲ ಹೆರಿಗೆ ತವರಿನಲ್ಲಿ ಆಗಿತ್ತು. ಮಗಳು, ಹುಟ್ಟುವಾಗ ನಾಲ್ಕು ಕಿಲೋ ಇನ್ನೂರು ಗ್ರಾಂ. ತಲೆ ಹೊರಬಂದ ಮೇಲೆ ಭುಜ ಸಿಕ್ಕಿಹಾಕಿಕೊಂಡಿತ್ತು. ನಮ್ಮ ವೃತ್ತಿಯಲ್ಲಿ ಇದಕ್ಕೆ ಶೋಲ್ಡರ್ ಡಿಸ್ಟೋಸಿಯಾ ಎನ್ನುತ್ತಾರೆ. ಕೈಗೆ ಸಿಗುವುದು ಕೆಲವೇ ನಿಮಿಷ, ಆಗ ವೈದ್ಯರ ಬೆನ್ನಿನಲ್ಲೂ ಬೆವರು ಇಳಿಯುತ್ತದೆ. ಮಗು ಉಳಿಯಿತು. ಆದರೆ ಎಳೆತದಲ್ಲಿ ನರಕ್ಕೆ ಪೆಟ್ಟಾಗಿ ಅದರ ಬಲಗೈ ಎಂಟು ತಿಂಗಳು ಮೇಲೇಳಲಿಲ್ಲ. ಆಮೇಲೆ ವ್ಯಾಯಾಮದಿಂದ ಸರಿಹೋಯಿತು. ಆ ಬಸಿರಿನಲ್ಲಿ ಯಾರೂ ಅವಳ ಸಕ್ಕರೆ ಪರೀಕ್ಷೆ ಮಾಡಿರಲಿಲ್ಲ, ಅಥವಾ ಮಾಡಿದ್ದರೂ ಕಾಗದ ಉಳಿದಿರಲಿಲ್ಲ.

ಎರಡನೆಯ ಬಸಿರಿಗೆ ಅವಳು ನನ್ನ ಬಳಿ ಬಂದದ್ದು ಜೂನ್ ಹದಿನಾರರಂದು, ಹದಿನಾಲ್ಕನೆಯ ವಾರದಲ್ಲಿ. ಕುಳಿತ ಕೂಡಲೇ ಹೇಳಿದ ಮಾತು ಟಿಪ್ಪಣಿಯಲ್ಲಿದೆ.

"ಡಾಕ್ಟ್ರೇ, ಈ ಮಗು ದೊಡ್ಡದಾಗ್ಬಾರ್ದು. ಬೇರೆ ಎಂತದೂ ಬೇಡ ನಂಗೆ."

ಗರ್ಭಿಣಿಯರ ಸಕ್ಕರೆ ಪರೀಕ್ಷೆ ಸರಳವಾದದ್ದು. ಎಪ್ಪತ್ತೈದು ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸುತ್ತೇವೆ, ಎರಡು ಗಂಟೆಯ ನಂತರ ರಕ್ತ ತೆಗೆಯುತ್ತೇವೆ. ೧೪೦ ಅಥವಾ ಅದಕ್ಕೂ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ. ಮಾಲಿನಿಯದು ೧೬೨ ಬಂತು. ಆಹಾರದ ಪಟ್ಟಿ ಕೊಟ್ಟೆವು, ಊಟದ ನಂತರ ಇಪ್ಪತ್ತು ನಿಮಿಷ ನಡೆಯಲು ಹೇಳಿದೆವು, ಬೆರಳು ಚುಚ್ಚಿ ಸಕ್ಕರೆ ನೋಡುವ ಗ್ಲುಕೋಮೀಟರ್ ಕೊಂಡುಕೊಳ್ಳಲು ಹೇಳಿದೆವು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ೯೫ಕ್ಕಿಂತ ಕಡಿಮೆ, ಊಟವಾಗಿ ಎರಡು ಗಂಟೆಗೆ ೧೨೦ಕ್ಕಿಂತ ಕಡಿಮೆ ಇರಬೇಕು. ಮಳೆಗಾಲ ಮುಗಿಯುತ್ತ ಬರುವವರೆಗೂ ಅವಳ ಅಂಕಿಗಳು ಈ ಮಿತಿಯ ಸುತ್ತಮುತ್ತಲೇ ಇದ್ದವು. ಒಂದು ದಿನ ೧೧೪, ಇನ್ನೊಂದು ದಿನ ೧೨೬. ಜೀವಂತ ಮನುಷ್ಯರ ಅಂಕಿಗಳು ಹಾಗೆಯೇ ಇರುತ್ತವೆ.

ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ಇಪ್ಪತ್ತೆಂಟು ವಾರ ತುಂಬಿತು. ಸೋನೋಗ್ರಫಿಯಲ್ಲಿ ಮಗುವಿನ ಅಂದಾಜು ತೂಕ ಒಂದು ಕಿಲೋ ಇನ್ನೂರೈವತ್ತು ಗ್ರಾಂ. ಸರಾಸರಿಗಿಂತ ತುಸು ಮೇಲೆ. ಹೊಟ್ಟೆಯ ಸುತ್ತಳತೆ ಕೂಡ ತುಸು ಹೆಚ್ಚು. ತಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಅದು ಹೊಕ್ಕುಳ ಬಳ್ಳಿಯ ಮೂಲಕ ಮಗುವಿಗೂ ಹೋಗುತ್ತದೆ. ಮಗು ತನ್ನದೇ ಇನ್ಸುಲಿನ್ ತಯಾರಿಸಿ ಅದನ್ನು ಕೊಬ್ಬಾಗಿ ಕೂಡಿಡುತ್ತದೆ. ಆ ಕೊಬ್ಬು ಮೊದಲು ಕಾಣುವುದು ಹೊಟ್ಟೆಯಲ್ಲಿ. ಗಾಬರಿಪಡುವಂಥದ್ದು ಇರಲಿಲ್ಲ. ಹಾಗೆಂದೇ ಹೇಳಿ ಕಳುಹಿಸಿದ್ದರೆ ಸಾಕಿತ್ತು.

ಆದರೆ ಆ ವಾರ ನಾನು ಖಾರಘರದ ಒಂದು ವೈದ್ಯರ ಸಭೆಯಲ್ಲಿ ಎಪಿಜೆನೆಟಿಕ್ಸ್ ಬಗ್ಗೆ ಉಪನ್ಯಾಸ ಕೇಳಿ ಬಂದಿದ್ದೆ. ಹೊಸತು ಕಲಿತವರಿಗೆ ಅದನ್ನು ಹೇಳಿಬಿಡುವ ಆತುರ ಇರುತ್ತದೆ. ಮಾಲಿನಿಗೆ ಹೋಟೆಲಿನ ಭಾಷೆಯಲ್ಲೇ ವಿವರಿಸಿದೆ. ಜೀನುಗಳೆಂದರೆ ಅಡುಗೆಯ ಪುಸ್ತಕ ಇದ್ದ ಹಾಗೆ. ತಂದೆ ತಾಯಿಯಿಂದ ಬಂದದ್ದು, ಅದರ ಅಕ್ಷರ ಬದಲಾಗುವುದಿಲ್ಲ. ಆದರೆ ಅಡುಗೆಯವರು ಪುಟದ ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ಇದು ಹೆಚ್ಚು ಹಾಕು, ಇದನ್ನು ಬಿಡು ಎಂದು. ಜೀನಿನ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡರೆ ಆ ಜೀನಿನ ಕೆಲಸ ಕುಗ್ಗಬಹುದು, ಬಿಟ್ಟರೆ ಹೆಚ್ಚಬಹುದು. ತಾಯಿಯ ಸಕ್ಕರೆ ಹೆಚ್ಚಿದ್ದ ಬಸಿರುಗಳಲ್ಲಿ ಮಾಸು (ಪ್ಲಾಸೆಂಟಾ) ಮತ್ತು ಹೊಕ್ಕುಳ ಬಳ್ಳಿಯ ರಕ್ತದಲ್ಲಿ ಇಂಥ ಗುರುತುಗಳು ಕೊಂಚ ಬೇರೆಯಾಗಿ ಕಂಡಿವೆ. ಮಗುವಿನ ಹುಟ್ಟಿನ ಗಾತ್ರಕ್ಕೂ, ಮುಂದೆ ಅದಕ್ಕೆ ಬರಬಹುದಾದ ಬೊಜ್ಜು, ಮಧುಮೇಹಕ್ಕೂ ಇವುಗಳಿಗೂ ಸಂಬಂಧ ಇರಬಹುದೆಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ಅವಳು ಕೇಳಿದಳು: "ಆ ಗುರುತು ಪೆನ್ಸಿಲಲ್ಲಿ ಬರಿಯುದಾ ಡಾಕ್ಟ್ರೇ, ಪೆನ್ನಲ್ಲಾ?"

ಒಳ್ಳೆಯ ಪ್ರಶ್ನೆ. ನನಗೆ ಖುಷಿಯಾಯಿತು. "ಕೆಲವು ಪೆನ್ಸಿಲ್, ಕೆಲವು ಪೆನ್ನು" ಎಂದು ನಕ್ಕೆ. ಹೊರಗೆ ಇನ್ನೂ ಹನ್ನೊಂದು ಮಂದಿ ಕಾಯುತ್ತಿದ್ದರು. ಸಂಬಂಧ ಕಂಡಿದೆ ಎಂದರೆ ಕಾರಣ ಎಂದಾಗುವುದಿಲ್ಲ, ಬದಲಾವಣೆಗಳು ಸಣ್ಣವು, ಎಷ್ಟು ಉಳಿಯುತ್ತವೆ ಎಷ್ಟು ಅಳಿಯುತ್ತವೆ ಎಂಬುದು ಇನ್ನೂ ತಿಳಿದಿಲ್ಲ. ಇದನ್ನೆಲ್ಲ ನಾನು ಹೇಳಲಿಲ್ಲ. ಮುಖ್ಯವಾಗಿ, ಗರ್ಭದಲ್ಲಿ ಊಟ ಕಡಿಮೆಯಾದರೂ ಅದೇ ಬಗೆಯ ಗುರುತುಗಳು ಬೀಳಬಹುದು ಎಂಬುದನ್ನು ಹೇಳಲಿಲ್ಲ.

ಅಕ್ಟೋಬರ್ ಆರರಂದು, ಮೂವತ್ತನೆಯ ವಾರಕ್ಕೆ, ಅವಳು ಗಂಡ ಮತ್ತು ಅತ್ತೆಯ ಜೊತೆ ಬಂದಳು. ಪ್ರಸಾದನ ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟು ಇತ್ತು. ಹೋಟೆಲಿನಲ್ಲಿ ಗಿರಾಕಿಯ ಆರ್ಡರನ್ನು ಅಡುಗೆಮನೆಗೆ ಬರೆದು ಕಳುಹಿಸುವ ಸಣ್ಣ ಚೀಟಿಗಳು. ಆಹಾರದ ದಾಖಲೆ ಇಡಲು ನಾವು ಹೇಳಿದ್ದೆವು. ಅವನು ಅದನ್ನು ತನಗೆ ಗೊತ್ತಿದ್ದ ರೀತಿಯಲ್ಲಿ ಇಟ್ಟಿದ್ದ.

"ಏಕದಮ್ ಪರ್ಫೆಕ್ಟ್ ಮ್ಯಾಡಮ್. ಟೈಮ್ ಸಮೇತ ಬರ್ದಿದೀನಿ. ಇಡ್ಲಿ ಎರಡು, ಸಾಂಬಾರ್ ಒಂದ್ ಬಟ್ಲು, ಎಂಟೂವರೆ. ಚಪಾತಿ ಎರಡು, ಪಲ್ಯ, ಮೊಸರು, ಒಂದ್ ಗಂಟೆ. ದೇಖೋ."

ಚೀಟಿಯ ಹಿಂದೆ ಮಾಲಿನಿಯ ಕೈಬರಹದಲ್ಲಿ ಸಕ್ಕರೆಯ ಅಂಕಿಗಳು. ಬರಿಹೊಟ್ಟೆಯಲ್ಲಿ ೭೪, ೭೧, ೭೬. ಊಟದ ನಂತರ ೯೧, ೮೮, ೯೪. ಹದಿನಾಲ್ಕು ದಿನದಲ್ಲಿ ಒಂದೇ ಒಂದು ಅಂಕಿಯೂ ನೂರು ದಾಟಿರಲಿಲ್ಲ.

ಅತ್ತೆಗೆ ಜಲಜಕ್ಕ ಎನ್ನೋಣ, ಅರವತ್ತಾರು ವರ್ಷ. ಮೂವತ್ತು ವರ್ಷ ಗಂಡನ ಜೊತೆ ಹೋಟೆಲಿನ ಅಡುಗೆಮನೆಯಲ್ಲಿ ದುಡಿದವರು. ಅವರಿಗೆ ಸಮಾಧಾನವಿರಲಿಲ್ಲ.

"ಸೀಮಂತಕ್ಕೆ ಒಂದು ಹೋಳಿಗೆ ಮುಟ್ಲಿಲ್ಲ ಇವ್ಳು. ಬಾಯಿಗೆ ಇಟ್ರೆ ಕರ್ಚೀಫಲ್ಲಿ ತೆಗ್ದ್ಲು. ಬಂದವ್ರೆಲ್ಲ ನನ್ನ ಮುಖ ನೋಡಿದ್ದೇ ನೋಡಿದ್ದು."

"ಸಕ್ಕರೆ ಕಾಯಿಲೆಯವ್ರಿಗೆ ಹೋಳಿಗಿ ಯಾಕ ಕೊಡ್ತೀರಿ ಜಲಜಕ್ಕ, ಸೊಸಿ ಶ್ಯಾಣ್ಯಾ ಇದ್ದಾಳ" ಎಂದೆ. ಎಲ್ಲರೂ ನಕ್ಕೆವು. ಮಾಲಿನಿಯೂ ನಕ್ಕಳು.

ಅವಳ ತೂಕ ೬೬.೪ ಕಿಲೋದಿಂದ ೬೫.೩ಕ್ಕೆ ಇಳಿದಿತ್ತು. ಅದನ್ನು ನರ್ಸ್ ಬರೆದಿದ್ದಾಳೆ, ಅದರ ಪಕ್ಕದಲ್ಲಿ ನನ್ನ ಸಹಿ ಇದೆ. ಮೂವತ್ತನೆಯ ವಾರದಲ್ಲಿ ಗರ್ಭಿಣಿಯ ತೂಕ ಇಳಿಯುವುದು ಒಳ್ಳೆಯದಲ್ಲ ಎಂಬುದು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗೂ ಗೊತ್ತು. ನಾನು ಅದನ್ನು ಪಥ್ಯದ ಫಲವೆಂದು ಬಗೆದೆ. ಅಷ್ಟೇ ಅಲ್ಲ, ಆ ಚೀಟಿಗಳ ಕಟ್ಟನ್ನು ಹೊರಗೆ ತೆಗೆದುಕೊಂಡು ಹೋಗಿ, ಸಕ್ಕರೆ ಇದ್ದ ಇನ್ನೊಬ್ಬ ಗರ್ಭಿಣಿಗೆ ತೋರಿಸಿದೆ: "ನೋಡವಾ, ಹಿಂಗ ಇರಬೇಕು." ಮಾಲಿನಿ ತಲೆ ತಗ್ಗಿಸಿದಳು. ನಾಚಿಕೆಯೆಂದುಕೊಂಡೆ.

ಅಕ್ಟೋಬರ್ ಇಪ್ಪತ್ತು, ಗುರುವಾರ. ದೀಪಾವಳಿಗೆ ನಾಲ್ಕು ದಿನ. ಮೂವತ್ತೆರಡನೆಯ ವಾರದ ಸೋನೋಗ್ರಫಿ. ರೇಡಿಯಾಲಜಿಸ್ಟ್ ಒಂದು ಸಲ ಅಳೆದು ಮುಗಿಸಿದ ಮೇಲೆ ಇನ್ನೊಂದು ಸಲ ಅಳೆದರು. ಆಮೇಲೆ ನನ್ನನ್ನು ಕರೆದರು. ಮಗುವಿನ ಅಂದಾಜು ತೂಕ ಒಂದು ಕಿಲೋ ಐನೂರ ಅರವತ್ತು ಗ್ರಾಂ. ನಾಲ್ಕು ವಾರದಲ್ಲಿ ಸುಮಾರು ಏಳುನೂರು ಗ್ರಾಂ ಏರಬೇಕಿತ್ತು, ಏರಿದ್ದು ಮುನ್ನೂರ ಹತ್ತು. ಈ ಯಂತ್ರದ ಅಂದಾಜಿನಲ್ಲಿ ನೂರಕ್ಕೆ ಹತ್ತರಷ್ಟು ತಪ್ಪು ಇರುತ್ತದೆ. ಅದನ್ನು ಕಳೆದರೂ ಮಗು ಹಿಂದೆ ಬಿದ್ದಿತ್ತು. ಹೊಟ್ಟೆಯ ಸುತ್ತಳತೆ ಈಗ ಬೆಳವಣಿಗೆಯ ನಕ್ಷೆಯ ಕೆಳಗಿನ ಗೆರೆಗೂ ಕೆಳಗಿತ್ತು.

ದೊಡ್ಡದಾಗುತ್ತದೆಂದು ಹೆದರಿದ್ದ ಮಗು ಬೆಳೆಯುವುದನ್ನೇ ನಿಲ್ಲಿಸುತ್ತಿತ್ತು. ಹೀಗೆ ಬೆಳವಣಿಗೆ ಕುಂಠಿತವಾದ ಮಗು ಕೊನೆಯ ವಾರಗಳಲ್ಲಿ ಹೊಟ್ಟೆಯೊಳಗೇ ತೀರಿಹೋಗಬಹುದು. ನನ್ನ ವೃತ್ತಿಯಲ್ಲಿ ಅಂಥವನ್ನು ಕಂಡಿದ್ದೇನೆ.

ತಾಯಿಯ ತೂಕ ೬೪.೧. ಮೂತ್ರ ಪರೀಕ್ಷೆ ಮಾಡಿಸಿದೆ. ಕೀಟೋನ್ ಮೂರು ಪ್ಲಸ್. ದೇಹಕ್ಕೆ ಊಟ ಸಾಲದೆ ಅದು ತನ್ನದೇ ಕೊಬ್ಬನ್ನು ಕರಗಿಸಲು ತೊಡಗಿದಾಗ ಮೂತ್ರದಲ್ಲಿ ಕಾಣುವ ವಸ್ತು ಅದು. ಮೂರು ಪ್ಲಸ್ ಎಂದರೆ ಉಪವಾಸ. ಆದರೆ ಮೇಜಿನ ಮೇಲಿದ್ದ ಚೀಟಿಗಳಲ್ಲಿ ಮೂರು ಹೊತ್ತು ಊಟ, ಎರಡು ಹೊತ್ತು ತಿಂಡಿ ಇತ್ತು.

ಮೂವರನ್ನೂ ಒಳಗೆ ಕೂಡಿಸಿ ಬಾಗಿಲು ಹಾಕಿದೆ. ಪ್ರಸಾದನನ್ನು ಕೇಳಿದೆ: "ಈ ಚೀಟಿ ಯಾರ ಬರಿತಾರು?"

"ನಾನೇ ಮ್ಯಾಡಮ್. ಗಲ್ಲಾದಲ್ಲಿ ಕೂತು. ಡಬ್ಬಿ ಮೇಲೆ ಹೋಗೋವಾಗ."

"ಮ್ಯಾಲ ಹೋಗಿದ್ದು ಬರದೀರಿ. ಹೊಟ್ಟಿಗೆ ಹೋಗಿದ್ದು?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಮತ್ಲಬ್?"

"ತಾಟಿನಾಗ ಉಳದಿದ್ದು ಬರಿತೀರೇನು?"

"ಅದನ್ನ ಯಾರ್ ಬರೀತಾರೆ ಮ್ಯಾಡಮ್. ಹೋಟ್ಲಲ್ಲಿ ಕಿಚನ್ನಿಂದ ಹೋಗಿದ್ದು ಬರೀತೀವಿ. ಗಿರಾಕಿ ತಿಂದ್ರಾ ಬಿಟ್ರಾ, ಅದು..." ಎನ್ನುತ್ತ ಹೆಂಡತಿಯ ಕಡೆ ತಿರುಗಿದವನು ಅಲ್ಲಿಗೇ ಮಾತು ನಿಲ್ಲಿಸಿದ.

ಜಲಜಕ್ಕ ಹೇಳಿದರು: "ಡಬ್ಬಿ ಖಾಲಿಯಾಗಿಯೇ ಕೆಳಗೆ ಬರ್ತದೆ ಡಾಕ್ಟ್ರೇ. ನಾನೇ ನೋಡಿದ್ದು. ಇವ್ಳು ಕೋಣೆಯಲ್ಲಿ ಒಬ್ಳೇ ಕೂತು ಉಣ್ಣುದು, ಉಂಡ ಮೇಲೆ ಚುಚ್ಚಿ ನೋಡ್ಬೇಕು ಅಂತ."

ಮಾಲಿನಿ ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಕೊನೆಗೆ ಮೆಲ್ಲನೆ ಹೇಳಿದಳು.

"ಬಿಸಾಡ್ಲಿಲ್ಲ ಅತ್ತೆ. ಪಾತ್ರೆ ತೊಳಿಲಿಕ್ಕೆ ಬರುವ ಹೆಂಗ್ಸಿಗೆ ಕಟ್ಟಿ ಕೊಡ್ತಿದ್ದೆ. ಅವ್ಳಿಗೆ ಮೂರು ಮಕ್ಳು."

"ಮತ್ತೆ ನೀನು ಎಂತ ತಿಂದದ್ದು?"

"ಸೌತೆಕಾಯಿ. ಮಜ್ಜಿಗೆ. ಮಧ್ಯಾಹ್ನ ಅರ್ಧ ಚಪಾತಿ."

"ಎಷ್ಟ ದಿನದಿಂದ?" ಎಂದೆ. ಉತ್ತರ ನನಗೆ ಗೊತ್ತಿತ್ತು, ಆದರೂ ಕೇಳಬೇಕಿತ್ತು.

"ನೀವು ಪೆನ್ನು ಅಂದ್ರಲ್ಲ, ಆ ದಿನದಿಂದ. ಒಬ್ಳು ಮಗ್ಳ ಕೈ ಎಂಟು ತಿಂಗ್ಳು ನೇತಾಡಿದ್ದು ನೋಡಿದೇನೆ ಡಾಕ್ಟ್ರೇ. ಅದು ಹೇಗೋ ಸರಿ ಆಯ್ತು. ಇದು ಒಳಗೆ ಬರ್ದು ಹೋದ್ರೆ ಯಾರು ಒರ್ಸುದು? ಹಸಿವು ನಂಗೆ ಮಾತ್ರ ಅಂತ ಗ್ರಹಿಸಿದೆ."

ಪ್ರಸಾದ ಚೀಟಿಗಳ ಕಟ್ಟನ್ನು ಮೇಜಿನಿಂದ ತೆಗೆದು ಜೇಬಿಗೆ ಹಾಕಿಕೊಂಡ. ಜಲಜಕ್ಕ ಸೊಸೆಗೆ ಬೈಯುತ್ತಾರೆಂದುಕೊಂಡೆ. ಅವರು ಬೈಯಲಿಲ್ಲ. "ನಮ್ಮ ಕಟ್ಟಡದಲ್ಲಿ ದಿನಕ್ಕೆ ಅಷ್ಟು ಜನ ಉಣ್ತಾರೆ, ಮನೆ ಸೊಸೆ ಉಪವಾಸ" ಎಂದಷ್ಟೇ ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡರು.

ನಾನು ಅಂದು ಹೇಳಿದ್ದು ಹೀಗೆ: "ತಪ್ಪು ನಿಂದಲ್ಲವಾ ಮಾಲಿನಿ, ನಂದು. ನಾನು ಅರ್ಧಾ ಹೇಳಿ ಕಳಿಸಿದೆ. ಅಂಕಿ ಚಂದ ಐತಿ ಅಂತ ನಿನ್ನ ಮುಖಾ ನೋಡಲಿಲ್ಲ." ಇಪ್ಪತ್ತೊಂಬತ್ತು ವರ್ಷದಲ್ಲಿ ರೋಗಿಯ ಮುಂದೆ, ಅವರ ಮನೆಯವರ ಮುಂದೆ ಆ ಮಾತು ಆಡಿದ್ದು ಅದೇ ಮೊದಲು. ಪ್ರಸಾದ ಎದ್ದು ಹೋಗಬಹುದಿತ್ತು, ಬೇರೆ ಆಸ್ಪತ್ರೆಗೆ ಹೋಗುತ್ತೇವೆ ಎನ್ನಬಹುದಿತ್ತು. ಅವನು ಕೇಳಿದ್ದು ಒಂದೇ, ಈಗ ಏನು ಮಾಡಬೇಕೆಂದು: "ಅಭೀ ಕ್ಯಾ ಕರನೇಕಾ, ಮ್ಯಾಡಮ್?"

ಮೊದಲ ಕೆಲಸ, ಮಗುವಿಗೆ ರಕ್ತ ಸರಿಯಾಗಿ ಹೋಗುತ್ತಿದೆಯೇ ಎಂದು ನೋಡುವುದು. ಡಾಪ್ಲರ್ ಎಂಬ ಸ್ಕ್ಯಾನ್ ಹೊಕ್ಕುಳ ಬಳ್ಳಿಯಲ್ಲಿನ ರಕ್ತದ ಹರಿವನ್ನು ತೋರಿಸುತ್ತದೆ. ಅದನ್ನು ನೋಡುವ ಪರಿಣಿತರು ಠಾಣೆಯ ಮಾಜಿವಾಡಾದಲ್ಲಿದ್ದರು. ಹಬ್ಬದ ಮುಂಚಿನ ಟ್ರಾಫಿಕ್ಕಿನಲ್ಲಿ ಆ ದಾರಿಗೆ ಎರಡು ಗಂಟೆ ಹಿಡಿಯಿತು. ನಾನೂ ಅವರ ಜೊತೆಗೇ ಹೋದೆ. ಹೊರರೋಗಿಗಳನ್ನು ಸಹೋದ್ಯೋಗಿ ನೋಡಿಕೊಂಡರು. ಕಾರಿನಲ್ಲಿ ಮಾಲಿನಿ ಎರಡು ಸಲ ಕೇಳಿದಳು, "ಈಗ ಅಲ್ಲಾಡ್ತಾ ಉಂಟು, ಅದು ಒಳ್ಳೇದಲ್ವಾ?" ಒಳ್ಳೆಯದು ಎಂದೆ.

ಬಳ್ಳಿಯಲ್ಲಿ ಹರಿವು ಚೆನ್ನಾಗಿತ್ತು. ಅಂದರೆ ದಾರಿ ಸರಿಯಿದೆ, ಸಾಮಾನು ಮಾತ್ರ ಸಾಲದು. ಮಾಸಿನಲ್ಲೇ ದೋಷವಿದ್ದರೆ ನಾವು ಮಾಡಬಹುದಾದದ್ದು ಕಡಿಮೆ ಇತ್ತು. ಬಹುಶಃ ಬೇಗ ಹೆರಿಗೆ ಮಾಡಿಸಬೇಕಾಗುತ್ತಿತ್ತು. ಈಗ ಕಾಯಬಹುದಿತ್ತು, ಅವಳು ಉಂಡರೆ.

ಅಂದೇ ಸಂಜೆ ದಾಖಲು ಮಾಡಿಕೊಂಡೆವು. ನಾಲ್ಕು ದಿನ ಇಟ್ಟುಕೊಳ್ಳುವ ಲೆಕ್ಕ. ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ಮಧುಮೇಹವಿರುವ ಗರ್ಭಿಣಿ ಹೊಟ್ಟೆ ತುಂಬ ಉಂಡು, ಅದರ ಮೇಲೂ ಸಕ್ಕರೆ ಏರಿದರೆ ಇನ್ಸುಲಿನ್ ತೆಗೆದುಕೊಳ್ಳಬೇಕು. ಇನ್ಸುಲಿನ್ ಬೇಡವೆಂದು ಊಟ ಬಿಡುವುದು ಚಿಕಿತ್ಸೆಯಲ್ಲ. ತಾಯಿಗೆ ಕೊಟ್ಟ ಇನ್ಸುಲಿನ್ ಮಾಸನ್ನು ದಾಟಿ ಮಗುವಿಗೆ ಹೋಗುವುದೂ ಇಲ್ಲ. ಇದನ್ನು ನಿಧಾನವಾಗಿ, ಎರಡು ಸಲ ಹೇಳಿದೆ. ಮಾಲಿನಿ ತಲೆಯಾಡಿಸಿದಳು. ಊಟದ ತಾಟು ಬಂದಾಗ ಮಾತ್ರ ಅವಳ ಕೈ ಮುಂದೆ ಹೋಗಲಿಲ್ಲ. ಎರಡು ಚಪಾತಿ, ಹೆಸರುಕಾಳಿನ ಪಲ್ಯ, ಮೊಸರು. ಅವಳು ಅದನ್ನು ನೋಡುತ್ತ ಕುಳಿತಳು. ನಾಲ್ಕು ವಾರ ತನಗೆ ತಾನೇ ಕಲಿಸಿಕೊಂಡ ಭಯ ವೈದ್ಯರ ಒಂದು ಮಾತಿಗೆ ಹೋಗುವುದಿಲ್ಲ. ಭಯ ಕೊಟ್ಟದ್ದೂ ಅದೇ ವೈದ್ಯರಾದಾಗ ಇನ್ನೂ ಕಷ್ಟ.

ಆ ಗಂಟನ್ನು ಬಿಡಿಸಿದವರು ಜಲಜಕ್ಕ. ಮರುದಿನ ಬೆಳಿಗ್ಗೆ ಅವರು ವಿಠ್ಠಲವಾಡಿಯಿಂದ ಲೋಕಲ್ ರೈಲು ಹಿಡಿದು ಇಡ್ಲಿಯ ಡಬ್ಬಿಯೊಂದಿಗೆ ಬಂದಿದ್ದರು. ನಾನು ರೌಂಡ್ಸಿಗೆ ಹೋದಾಗ ಹಾಸಿಗೆಯ ಅಂಚಿನಲ್ಲಿ ಕುಳಿತು ಇಡ್ಲಿಯನ್ನು ನಾಲ್ಕು ತುಂಡು ಮಾಡುತ್ತಿದ್ದರು.

"ಹೊಸ ಅಡುಗೆ ಭಟ್ರು ಬಂದ್ರೆ ನಾವು ಒಟ್ಟಿಗೆ ಕೊಪ್ಪರಿಗೆ ಸಾಂಬಾರು ಮಾಡಿಸ್ತೇವಾ? ಇಲ್ಲ. ಮೊದ್ಲು ಒಂದು ಸೌಟು, ರುಚಿ ನೋಡುದು, ಮತ್ತೆ ಮುಂದೆ. ನೀನು ಇದೊಂದು ಇಡ್ಲಿ ತಿನ್ನು. ಎರಡು ಗಂಟೆ ಬಿಟ್ಟು ಚುಚ್ಚು. ಮಿಷನ್ ಎಂತ ಹೇಳ್ತದೆ ನೋಡುವ. ನಿಂಗೆ ಡಾಕ್ಟ್ರ ಮೇಲೆ ನಂಬಿಕೆ ಇಲ್ಲದಿದ್ರೆ ಬೇಡ, ನನ್ನ ಮೇಲೆಯೂ ಬೇಡ. ನಿನ್ನ ಮಿಷನ್ ಮೇಲೆ ಉಂಟಲ್ಲ?"

"ಅತ್ತೆ, ಡಾಕ್ಟ್ರು ಇಲ್ಲೇ ನಿಂತಿದ್ದಾರೆ."

"ನಿಲ್ಲಲಿ. ಅವ್ರಿಗೂ ಗೊತ್ತಾಗ್ಲಿ."

ಮಾಲಿನಿ ಒಂದು ತುಂಡು ತಿಂದಳು, ಆಮೇಲೆ ಇನ್ನೊಂದು. ಒಂದು ಇಡ್ಲಿಗೆ ಎರಡು ಗಂಟೆಯ ನಂತರ ಮೀಟರ್ ತೋರಿಸಿದ್ದು ೧೦೩. ಮಧ್ಯಾಹ್ನ ಒಂದು ಚಪಾತಿ, ಅರ್ಧ ಬಟ್ಟಲು ಅನ್ನ: ೧೧೭. ರಾತ್ರಿಯ ಊಟ ಪೂರ್ತಿ: ೧೩೮. ಅಂಕಿ ನೋಡಿ ಅವಳ ಮುಖ ಬಾಡಿತು. ಆಗ ನರ್ಸ್ ಇನ್ಸುಲಿನ್ನಿನ ಪೆನ್ ತಂದು, ಅದರ ಸೂಜಿ ಎಷ್ಟು ಸಣ್ಣದು ಎಂದು ತೋರಿಸಿದಳು. ಮರುದಿನ ಊಟಕ್ಕೆ ಮುಂಚೆ ಆರು ಯೂನಿಟ್. ಅದೇ ಊಟಕ್ಕೆ ೧೧೨. ಊಟವೂ ಇರಬಹುದು, ಸಕ್ಕರೆಯೂ ಹಿಡಿತದಲ್ಲಿರಬಹುದು ಎಂದು ಅವಳಿಗೆ ತೋರಿಸಿಕೊಟ್ಟದ್ದು ಅವಳದೇ ಬೆರಳಿನ ಒಂದು ಹನಿ ರಕ್ತ. ಮೂರನೆಯ ದಿನ ಮೂತ್ರದಲ್ಲಿ ಕೀಟೋನ್ ಇರಲಿಲ್ಲ.

ದೀಪಾವಳಿಯ ದಿನ ಬೆಳಿಗ್ಗೆ ಮನೆಗೆ ಕಳುಹಿಸಿದೆವು. ಹೊರಡುವ ಮುಂಚೆ ಎಪಿಜೆನೆಟಿಕ್ಸಿನ ಉಳಿದ ಅರ್ಧವನ್ನು ಹೇಳಿದೆ. ಸಕ್ಕರೆ ಹೆಚ್ಚಾದರೂ, ಊಟ ಕಡಿಮೆಯಾದರೂ ಮಗುವಿನ ಜೀನುಗಳ ಮೇಲಿನ ಗುರುತುಗಳು ಕೊಂಚ ಬದಲಾಗಬಹುದು. ಯಾವುದು ಉಳಿಯುತ್ತದೆ ಎಂದು ಯಾರಿಗೂ ಖಚಿತವಿಲ್ಲ. ಹುಟ್ಟಿದ ಮೇಲೆ ಎದೆಹಾಲು, ಆಟ, ನಿದ್ದೆ, ಊಟ ಇವೂ ಮಗುವನ್ನು ರೂಪಿಸುತ್ತವೆ. ಒಂದು ಬಸಿರಿನ ಒಂದು ತಿಂಗಳು ಒಂದು ಜೀವದ ಹಣೆಬರಹವಲ್ಲ. ಆಮೇಲೆ, ನಾನು ಹೇಳಿದ್ದನ್ನು ತಿರುಗಿ ನನಗೇ ಹೇಳು ಎಂದೆ. ಅವಳು ಹೇಳಿದಳು: "ಹೆಚ್ಚೂ ಬೇಡ, ಕಡಿಮೆಯೂ ಬೇಡ. ಹೆದ್ರಿಕೆ ಆದ್ರೆ ನಿಮ್ಗೆ ಫೋನ್ ಮಾಡ್ಬೇಕು, ಡಬ್ಬಿ ಬೇರೆಯವ್ರಿಗೆ ಕೊಡ್ಬಾರ್ದು." ನಾನು ವಿವರಿಸಿದ್ದಕ್ಕಿಂತ ಚೆನ್ನಾಗಿತ್ತು.

ಪ್ರಸಾದ ಚೀಟಿಯ ನಡುವೆ ಉದ್ದಕ್ಕೆ ಗೆರೆ ಎಳೆಯತೊಡಗಿದ. ಎಡಕ್ಕೆ ಮೇಲೆ ಹೋದದ್ದು, ಬಲಕ್ಕೆ ತಿಂದದ್ದು. ಬಲಗಡೆಯದನ್ನು ಮಾಲಿನಿಯೇ ಬರೆಯಬೇಕು, ಅತ್ತೆಯ ಎದುರು. ಜಲಜಕ್ಕ ಮೂರೂ ಹೊತ್ತು ಅವಳ ಜೊತೆಯಲ್ಲೇ ಉಣ್ಣತೊಡಗಿದರು. ಪಾತ್ರೆ ತೊಳೆಯುವ ಹೆಂಗಸಿಗೆ ಬೇರೆಯೇ ಡಬ್ಬಿ ಹೋಗುತ್ತಿತ್ತಂತೆ, ಅದು ನಿಲ್ಲಬಾರದೆಂದು ಮಾಲಿನಿ ಹಟ ಹಿಡಿದಳಂತೆ. ಬಂದ ಅಂಕಿಗಳು ಮೊದಲಿನಷ್ಟು ಚಂದವಿರಲಿಲ್ಲ. ೧೧೮, ೧೦೯, ಒಂದು ದಿನ ೧೩೧. ನನಗೆ ಅವು ಹಿಂದಿನ ೮೮, ೯೧ಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟವು.

ನವೆಂಬರ್ ಮೂರಕ್ಕೆ ಮಗು ಒಂದು ಕಿಲೋ ಒಂಬೈನೂರ ಎಂಬತ್ತು ಗ್ರಾಂ ಇತ್ತು. ಹದಿನೇಳಕ್ಕೆ ಎರಡು ಕಿಲೋ ಮುನ್ನೂರ ಅರವತ್ತು. ಹಿಂದೆ ಬಿದ್ದದ್ದು ಪೂರ್ತಿ ಮುಂದೆ ಬರಲಿಲ್ಲ, ಆದರೆ ಗೆರೆ ಮತ್ತೆ ಮೇಲಕ್ಕೆ ತಿರುಗಿತ್ತು. ಆ ನಾಲ್ಕು ವಾರದ ಕುಸಿತಕ್ಕೆ ಉಪವಾಸವೊಂದೇ ಕಾರಣವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಊಟ ಶುರುವಾದ ಮೇಲೆ ಬೆಳವಣಿಗೆ ಶುರುವಾಯಿತು ಎಂಬುದನ್ನಷ್ಟೇ ನಾನು ಕಂಡದ್ದು.

ಡಿಸೆಂಬರ್ ಒಂದು, ಮೂವತ್ತೆಂಟು ವಾರ. ನೋವು ಬರಿಸುವ ಔಷಧಿ ಕೊಟ್ಟೆವು. ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಮಗು ಸಹಜವಾಗಿ ಹುಟ್ಟಿತು. ತಲೆ ಬಂದ ನಂತರ ಭುಜ ಬರುವವರೆಗೆ ಮಾಲಿನಿ ಉಸಿರು ಹಿಡಿದಿದ್ದಳು, ನಾನೂ ಹಿಡಿದಿದ್ದೆ. ಭುಜ ಜಾರಿ ಬಂತು. ಗಂಡುಮಗು, ಎರಡು ಕಿಲೋ ಆರುನೂರ ಎಂಬತ್ತು ಗ್ರಾಂ. ಎರಡು ಕೈಯನ್ನೂ ಎತ್ತಿ ಅತ್ತಿತು. ಮಧುಮೇಹವಿದ್ದ ತಾಯಿಯ ಮಗುವಿಗೆ ಹುಟ್ಟಿದ ಮೇಲೆ ಸಕ್ಕರೆ ಥಟ್ಟನೆ ಇಳಿಯಬಹುದು, ಅದಕ್ಕೆ ಹಾಲು ಕುಡಿಸಿ ಹಿಮ್ಮಡಿ ಚುಚ್ಚಿ ನೋಡಿದೆವು: ೫೬. ಅಷ್ಟಿದ್ದರೆ ಸಾಕು.

"ಬಲಗೈ?" ಎಂದಳು ಮಾಲಿನಿ.

"ನೀನೇ ನೋಡು" ಎಂದು ಮಗುವನ್ನು ಅವಳ ಎದೆಯ ಮೇಲಿಟ್ಟೆ. ಅದು ಬಲಗೈಯಿಂದ ಅವಳ ಕರಿಮಣಿ ಸರವನ್ನು ಹಿಡಿದು ಎಳೆಯಿತು.

ಹೊರಗೆ ಜಲಜಕ್ಕನಿಗೆ ತೂಕ ಹೇಳಿದಾಗ ಅವರು ಬೆರಳುಗಳಲ್ಲಿ ಏನೋ ಎಣಿಸಿ, "ಸಣ್ಣದೂ ಅಲ್ಲ, ದೊಡ್ಡದೂ ಅಲ್ಲ. ಸಮ ಉಂಟು" ಎಂದರು. ಪ್ರಸಾದ ಗೋಡೆಗೆ ಮುಖ ಮಾಡಿ ಫೋನಿನಲ್ಲಿ ಯಾರಿಗೋ ಮರಾಠಿಯಲ್ಲಿ ಸುದ್ದಿ ಹೇಳುತ್ತಿದ್ದ.

ಆರು ವಾರದ ನಂತರ ಮತ್ತೆ ಗ್ಲೂಕೋಸ್ ಕುಡಿಸಿ ನೋಡಿದೆವು. ಮಾಲಿನಿಯ ಸಕ್ಕರೆ ಸಹಜಕ್ಕೆ ಬಂದಿತ್ತು. ಇಂಥವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು, ಹಾಗಾಗಿ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದೆ. ಮಾಡಿಸಿಕೊಳ್ಳುತ್ತಿದ್ದಾಳೆ. ಹುಡುಗನಿಗೆ ಈಗ ಮೂರು ದಾಟಿದೆ, ತೂಕ ವಯಸ್ಸಿಗೆ ಸರಿಯಾಗಿದೆ. ಅವನ ಜೀನುಗಳ ಮೇಲೆ ಆ ನಾಲ್ಕು ವಾರ ಏನನ್ನಾದರೂ ಬಿಟ್ಟುಹೋಗಿದೆಯೇ, ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು ನಾನು ಈಗ ನಂಬುವುದಿಲ್ಲ. ಅವನು ಓಡುವುದನ್ನು ನೋಡಿದ್ದೇನೆ, ಅಕ್ಕನ ಹಿಂದೆ, ಹಿಂದಿಯಲ್ಲಿ ಕೂಗುತ್ತ.

ವೈದ್ಯರ ಮಾತು ಕೂಡ ಒಂದು ಔಷಧಿ, ಅದಕ್ಕೂ ಪ್ರಮಾಣವಿದೆ ಎಂಬುದನ್ನು ನಾನು ಆ ಅಕ್ಟೋಬರಿನಲ್ಲಿ ಕಲಿತೆ. ನನಗೆ ಕುತೂಹಲವೆನಿಸಿದ್ದು ಕೇಳುವ ತಾಯಿಗೆ ತೀರ್ಪಾಗಿ ಕೇಳಿಸಬಹುದು. ಈಗ ಸಕ್ಕರೆಯಿರುವ ಗರ್ಭಿಣಿ ಎದುರು ಕುಳಿತಾಗ ಅಂಕಿಗಳ ಕಾಗದವನ್ನು ಮಡಚಿ ಪಕ್ಕಕ್ಕಿಡುತ್ತೇನೆ. ಇವತ್ತು ಏನು ಉಂಡೆ ಎಂದು ಕೇಳುತ್ತೇನೆ. ಹೆಚ್ಚಿನವರು ಮೊದಲು, "ಎಲ್ಲಾ ನೀವು ಹೇಳಿದ ಹಾಗೇ" ಎನ್ನುತ್ತಾರೆ. ನಾನು ಪೆನ್ನು ಕೆಳಗಿಟ್ಟು ಕಾಯುತ್ತೇನೆ. ಸ್ವಲ್ಪ ಹೊತ್ತಿಗೆ ಅವರು ನಿಜವಾದ ಉತ್ತರ ಹೇಳುತ್ತಾರೆ.